ಪ್ರತಿಕ್ರಿಯೆ: 'ದಿಸ್ ಮೊಮೆಂಟ್' ಆದ ಮೇಲೆ ಏನು ಕೇಳೋದು?

ಜಾನ್ ಮೆಕ್‌ಲಾಫ್ಲಿನ್, ಜಾಕಿರ್ ಹುಸೇನ್ ಅವರ ಶಕ್ತಿ ತಂಡದ ಆಲ್ಬಂ 'ದಿಸ್ ಮೊಮೆಂಟ್' ತುಂಬಾ ಹಿಡಿಸಿತು, ಇನ್ನು ಹೊರದೇಶದ ಹೊಸ ಆಲ್ಬಂ ಯಾವುದು ಕೇಳಲಿ, ಭಾಷೆ ಬರಲ್ಲವಲ್ಲ ಅಂತ ಕೇಳಿದ್ದೀರಿ. ಭಾಷೆಯ ಚಿಂತೆ ಬಿಡಿ. ಮೊದಲು ಎಂಡು ಮೊಕ್ತಾರ್ ಕೇಳಿ. ಆಫ್ರಿಕಾದ ನೈಜರ್ ದೇಶದವರು, ಸಹಾರಾ ಮರುಭೂಮಿಯ ತುವಾರೆಗ್ ಸಮುದಾಯದ ಗಿಟಾರಿಸ್ಟ್, ಎಡಗೈಯಲ್ಲಿ ನುಡಿಸುತ್ತಾರೆ. 2024ರ 'ಫ್ಯೂನರಲ್ ಫಾರ್ ಜಸ್ಟಿಸ್' ಪೂರ್ತಿ ಎಲೆಕ್ಟ್ರಿಕ್ ಗಿಟಾರ್ ಅಬ್ಬರ. 2023ರ ಜುಲೈನಲ್ಲಿ ಅವರ ದೇಶದಲ್ಲಿ ಸೇನೆ ಅಧಿಕಾರ ಹಿಡಿದಾಗ ತಂಡ ಅಮೆರಿಕ ಪ್ರವಾಸದಲ್ಲಿತ್ತು, ಊರಿಗೆ ಹೋಗೋಕಾಗದೆ ಅಲ್ಲೇ ಉಳಿಯಬೇಕಾಯಿತು. ಆಮೇಲೆ ಅವೇ ಹಾಡುಗಳನ್ನು ಅಕೂಸ್ಟಿಕ್‌ನಲ್ಲಿ, ಅಂದರೆ ಎಲೆಕ್ಟ್ರಿಕ್ ಅಬ್ಬರವಿಲ್ಲದೆ, ಮತ್ತೆ ನುಡಿಸಿದರು, ಅದು 2025ರಲ್ಲಿ 'ಟಿಯರ್ಸ್ ಆಫ್ ಇನ್‌ಜಸ್ಟಿಸ್' ಅಂತ ಬಂತು. ಒಂದೇ ಹಾಡನ್ನು ಎರಡರಲ್ಲೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಮೊದಲನೆಯದರಲ್ಲಿ ಕೇಳಿಸೋದು ಸಿಟ್ಟು, ಎರಡನೆಯದರಲ್ಲಿ ಅದೇ ರಾಗ ಅಳು ತಡೆದುಕೊಂಡ ಹಾಗೆ ಬರುತ್ತದೆ. ನನಗಂತೂ ಎರಡನೆಯದೇ ಜಾಸ್ತಿ ಇಷ್ಟ.

ಇನ್ನೊಂದು, ಪಾಕಿಸ್ತಾನಿ ಮೂಲದ ಗಾಯಕಿ ಅರೂಜ್ ಆಫ್ತಾಬ್ ಅವರ 'ನೈಟ್ ರೇನ್' (Night Reign, 2024). ಉರ್ದು ಹಾಡುಗಳು ಜಾಸ್ತಿ, ಜೊತೆಗೆ ಹಾರ್ಪ್ ಅನ್ನೋ ತಂತಿವಾದ್ಯ, ತುಂಬಾ ನಿಧಾನ. ಇದನ್ನು ಮಾತ್ರ ಬಸ್ಸಲ್ಲಿ ಕೇಳಬೇಡಿ, ಇಂಜಿನ್ ಸದ್ದಿಗೆ ಅರ್ಧ ಹೋಗಿಬಿಡುತ್ತದೆ. ನಮ್ಮ ಚಿಕ್ಕಮಗಳೂರು ಕಡೆ ಮಳೆಗಾಲದಲ್ಲಿ ಶೀಟ್ ಮನೆಯಲ್ಲೂ ಅದೇ ಕಥೆ, ಹೆಡ್‌ಫೋನ್ ಇದ್ದರೇ ಸರಿ.

ವಾರ ವಾರ ಹಾಸನದಿಂದ ಶಿರಾಡಿ ಘಾಟಿ ಇಳಿದು ಬಸ್ಸಲ್ಲಿ ಹೋಗುತ್ತೀರಿ ಅಂದಿರಲ್ವಾ, ಸಕಲೇಶಪುರ ದಾಟಿದ ಮೇಲೆ ನೆಟ್‌ವರ್ಕ್ ನಂಬಬೇಡಿ. ಮೊಕ್ತಾರ್ ಎರಡೂ ಆಲ್ಬಂ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡಿ.