ಒಂದು ಲಕ್ಷ ಸಬ್‌ಸ್ಕ್ರೈಬರ್ಸ್ ಇದ್ದರೆ ಯೂಟ್ಯೂಬ್‌ನಿಂದ ತಿಂಗಳಿಗೆ ಎಷ್ಟು ದುಡ್ಡು ಬರುತ್ತದೆ?

ನಿಮ್ಮ ತಮ್ಮ ಬೆಂಗಳೂರಿನ ಕೆಲಸ ಬಿಟ್ಟು ಕನ್ನಡದಲ್ಲಿ ಯೂಟ್ಯೂಬ್ ಚಾನೆಲ್ ಮಾಡುತ್ತೇನೆ ಅನ್ನುತ್ತಿದ್ದಾನೆ. ಒಂದು ಲಕ್ಷ ಸಬ್‌ಸ್ಕ್ರೈಬರ್ಸ್ ಇರುವ ಒಂದು ಚಾನೆಲ್‌ಗೆ ತಿಂಗಳಿಗೆ ಲಕ್ಷ ರೂಪಾಯಿ ಬರುತ್ತೆ ಅಂತ, ಚಾನೆಲ್‌ಗಳ ಗಳಿಕೆ ಅಂದಾಜು ಮಾಡುವ ಸೋಷಿಯಲ್ ಬ್ಲೇಡ್ ಎಂಬ ವೆಬ್‌ಸೈಟ್‌ನಲ್ಲಿ ನೋಡಿದ್ದಾನೆ. ಅದನ್ನು ನಂಬಬಹುದಾ ಎಂದು ಕೇಳಿದ್ದೀರಿ. ನಾನು ಸಾಗರದ ಹತ್ತಿರ ಅಡಿಕೆ ತೋಟ ನೋಡಿಕೊಂಡು, ಜೊತೆಗೆ ಕೃಷಿ ಚಾನೆಲ್ ನಡೆಸುತ್ತೇನೆ. ಆ ಅಂಕಿ ನಂಬಿ ಕೆಲಸ ಬಿಡುವುದು ಬೇಡ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ.

ಮೊದಲನೆಯದು, ಸಬ್‌ಸ್ಕ್ರೈಬರ್ಸ್‌ಗೆ ಯೂಟ್ಯೂಬ್ ದುಡ್ಡು ಕೊಡುವುದಿಲ್ಲ. ಒಂದು ಲಕ್ಷ ಆದಾಗ ಬೆಳ್ಳಿ ಬಟನ್ ಕಳಿಸುತ್ತಾರೆ, ಹತ್ತು ಲಕ್ಷ ಆದಾಗ ಚಿನ್ನದ ಬಣ್ಣದ್ದು. ಅದು ಗೋಡೆಗೆ ಹಾಕುವ ಫಲಕ, ಅಷ್ಟೇ. ದುಡ್ಡು ಬರುವುದು ಜನ ವಿಡಿಯೋ ನೋಡಿ, ಅದರ ಮೇಲೆ ಜಾಹೀರಾತು ಓಡಿದಾಗ. ಲಕ್ಷ ಸಬ್‌ಸ್ಕ್ರೈಬರ್ಸ್ ಇದ್ದೂ ಒಂದು ವಿಡಿಯೋಗೆ ಎರಡು ಸಾವಿರ ವ್ಯೂಸ್ ದಾಟದ ಚಾನೆಲ್‌ಗಳಿವೆ. ಹದಿನೈದು ಸಾವಿರ ಸಬ್‌ಸ್ಕ್ರೈಬರ್ಸ್ ಇಟ್ಟುಕೊಂಡು ಚೆನ್ನಾಗಿ ನಡೆಯುವ ಚಾನೆಲ್‌ಗಳೂ ಇವೆ.

ಇನ್ನು ಸೋಷಿಯಲ್ ಬ್ಲೇಡ್. ಅದಕ್ಕೆ ಆ ಚಾನೆಲ್‌ನವರ ಬ್ಯಾಂಕ್ ಖಾತೆಯೂ ಕಾಣುವುದಿಲ್ಲ, ಚಾನೆಲ್ ನಡೆಸುವವರಿಗೆ ಮಾತ್ರ ಲೆಕ್ಕ ತೋರಿಸುವ ಯೂಟ್ಯೂಬ್‌ನ ಸ್ಟುಡಿಯೋ ಆ್ಯಪ್ ಕೂಡ ಕಾಣುವುದಿಲ್ಲ. ನಿಮಗೂ ನನಗೂ ಕಾಣುವ ವ್ಯೂಸ್ ಮಾತ್ರ ಅದಕ್ಕೂ ಕಾಣುವುದು. ಆ ವ್ಯೂಸ್‌ಗೆ ಸಾವಿರಕ್ಕೆ ಕಾಲು ಡಾಲರ್‌ನಿಂದ ನಾಲ್ಕು ಡಾಲರ್‌ವರೆಗೆ ಅಂತ ಎಲ್ಲ ಚಾನೆಲ್‌ಗೂ ಒಂದೇ ಅಳತೆ ಹಿಡಿದು ಗುಣಿಸುತ್ತದೆ. ತಿಂಗಳಿಗೆ 3 ಲಕ್ಷ ವ್ಯೂಸ್ ಇರುವ ಚಾನೆಲ್ ತೆಗೆದುಕೊಳ್ಳಿ. ಕೆಳಗಿನ ದರಕ್ಕೆ 75 ಡಾಲರ್, ಮೇಲಿನ ದರಕ್ಕೆ 1,200 ಡಾಲರ್. ಡಾಲರ್‌ಗೆ 85 ರೂಪಾಯಿ ಎಂದು ಹಿಡಿದರೆ 6,375 ರೂಪಾಯಿಯಿಂದ 1,02,000 ರೂಪಾಯಿ. ಹದಿನಾರು ಪಟ್ಟು ಅಂತರ! ನಿಮ್ಮ ತಮ್ಮ ನೋಡಿರುವುದು ಮೇಲಿನ ತುದಿ. ಕನ್ನಡ ಚಾನೆಲ್ ಆ ತುದಿ ಮುಟ್ಟುವುದು ಬಹಳ ಅಪರೂಪ.

ಹಾಗಾದರೆ ನಿಜವಾದ ದರ ಯಾವುದು? ಇಲ್ಲಿ ಎರಡು ಪದ ಗೊತ್ತಿರಬೇಕು. ಸಾವಿರ ಸಲ ಜಾಹೀರಾತು ತೋರಿಸಿದ್ದಕ್ಕೆ ಕಂಪನಿ ಕೊಡುವ ದರ ಸಿಪಿಎಂ. ಸಾವಿರ ವ್ಯೂಸ್‌ಗೆ ಕೊನೆಗೆ ನಮ್ಮ ಕೈಗೆ ಸೇರುವುದು ಆರ್‌ಪಿಎಂ. ಜನ ಸಿಪಿಎಂ ಕೇಳಿ ಖುಷಿಯಾಗುತ್ತಾರೆ, ಆದರೆ ಮನೆ ನಡೆಯುವುದು ಆರ್‌ಪಿಎಂ ಮೇಲೆ. ಉದ್ದದ ವಿಡಿಯೋದಲ್ಲಿ ಜಾಹೀರಾತಿನ ಹಣದಲ್ಲಿ ಶೇ 55 ನಮಗೆ, ಉಳಿದದ್ದು ಯೂಟ್ಯೂಬ್‌ಗೆ. ಅದೂ ಅಲ್ಲದೆ ಎಲ್ಲ ವ್ಯೂಸ್‌ಗೂ ಜಾಹೀರಾತು ಬರುವುದಿಲ್ಲ. ಬರದ ವ್ಯೂಸ್ ಕೂಡ ಆರ್‌ಪಿಎಂ ಲೆಕ್ಕದಲ್ಲಿ ಸೇರಿರುತ್ತವೆ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ, ವ್ಯೂಸ್ ಅಂದರೆ ಎಷ್ಟು ಕ್ವಿಂಟಾಲ್ ಅಡಿಕೆ ಬಂತು ಅನ್ನುವುದು, ಆರ್‌ಪಿಎಂ ಅಂದರೆ ಆವತ್ತಿನ ಧಾರಣೆ. ಎರಡೂ ಗೊತ್ತಿಲ್ಲದೆ ಬಂದ ಹಣ ಹೇಳಲು ಆಗುವುದಿಲ್ಲ.

ಈ ದರವನ್ನು ಯಾರೂ ಕೂತು ನಿಗದಿ ಮಾಡುವುದಿಲ್ಲ. ಪ್ರತಿ ಜಾಹೀರಾತಿಗೂ ಹರಾಜು ನಡೆಯುತ್ತದೆ. ಆ ವೀಕ್ಷಕನಿಗಾಗಿ ಯಾವ ಕಂಪನಿ ಎಷ್ಟು ಕೊಡಲು ತಯಾರಿದೆ ಅನ್ನುವುದೇ ದರ. ಆದ್ದರಿಂದ ಸಾಲ, ವಿಮೆ, ಷೇರು, ಮೊಬೈಲ್, ಕಾರು ಬಗ್ಗೆ ಮಾತಾಡುವ ಚಾನೆಲ್‌ಗೆ ದರ ಜಾಸ್ತಿ. ಕಾಮಿಡಿಗೆ, ಸೀರಿಯಲ್ ಸುದ್ದಿಗೆ ಕಮ್ಮಿ. ಮಕ್ಕಳ ಕಥೆ, ಶಿಶುಗೀತೆ ಮಾಡುವವರ ಕಷ್ಟ ನೋಡಿದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಅಷ್ಟು ಚೆಂದ ಚಿತ್ರ ಬರೆದು, ಲಕ್ಷಗಟ್ಟಲೆ ವ್ಯೂಸ್ ತೆಗೆಯುತ್ತಾರೆ. ಆದರೆ 2020ರ ಜನವರಿಯಿಂದ ಮಕ್ಕಳ ವಿಡಿಯೋಗಳಿಗೆ ವೀಕ್ಷಕರ ಅಭಿರುಚಿ ನೋಡಿ ಹಾಕುವ ಜಾಹೀರಾತು ಇಲ್ಲ. ಹಾಗಾಗಿ ದರ ಬಿದ್ದುಹೋಯಿತು.

ನೋಡುವವರು ಎಲ್ಲಿದ್ದಾರೆ ಅನ್ನುವುದೂ ಅಷ್ಟೇ ಮುಖ್ಯ. ಅದೇ ವಿಡಿಯೋವನ್ನು ಹಾವೇರಿಯಲ್ಲಿ ನೋಡಿದರೆ ಒಂದು ದರ, ನ್ಯೂಜೆರ್ಸಿಯಲ್ಲಿರುವ ಕನ್ನಡಿಗರು ನೋಡಿದರೆ ಅದರ ಎಷ್ಟೋ ಪಟ್ಟು. ಅಡುಗೆ, ಹಬ್ಬ, ಪೂಜಾ ವಿಧಾನದ ಚಾನೆಲ್‌ಗಳಿಗೆ ಹೊರದೇಶದ ವೀಕ್ಷಕರು ಜಾಸ್ತಿ ಸಿಗುತ್ತಾರೆ. ನನ್ನಂಥ ಅಡಿಕೆ ಕೊಳೆರೋಗದ ಚಾನೆಲ್‌ಗೆ ಅವರು ಯಾಕೆ ಬರುತ್ತಾರೆ, ಅಲ್ವಾ? ಅಮೆರಿಕದ ವೀಕ್ಷಕರಿದ್ದರೆ ಇನ್ನೊಂದು ವಿಷಯ: 2021ರ ಜೂನ್‌ನಿಂದ ಅವರಿಂದ ಬಂದ ಪಾಲಿಗೆ ಅಲ್ಲಿನ ತೆರಿಗೆ ಹಿಡಿಯುತ್ತಾರೆ. ಭಾರತದವರು ತೆರಿಗೆ ಫಾರಂ ತುಂಬಿ, ಎರಡು ದೇಶಗಳ ತೆರಿಗೆ ಒಪ್ಪಂದದ ದರ ಕೇಳಿದರೆ ಆ ಪಾಲಿಗೆ ಮಾತ್ರ ಶೇ 15. ಫಾರಂ ತುಂಬದೇ ಬಿಟ್ಟರೆ ಇಡೀ ಗಳಿಕೆಯ ಮೇಲೆ ಶೇ 24ರವರೆಗೂ ಹೋಗಬಹುದು. ಐದು ನಿಮಿಷದ ಕೆಲಸ, ಮೊದಲ ದಿನವೇ ಮಾಡಿಸಿ.

ತಿಂಗಳೂ ದರ ಬದಲಿಸುತ್ತದೆ. ದಸರಾ, ದೀಪಾವಳಿ ಹೊತ್ತಿಗೆ ಕಂಪನಿಗಳು ಜಾಹೀರಾತಿಗೆ ಕೈಬಿಚ್ಚಿ ಖರ್ಚು ಮಾಡುತ್ತವೆ. ಜನವರಿಯಲ್ಲಿ ಮುಷ್ಟಿ ಬಿಗಿ. ವ್ಯೂಸ್ ಅಷ್ಟೇ ಇದ್ದರೂ ಹಣ ಕಮ್ಮಿ ಬರುತ್ತದೆ. ದೀಪಾವಳಿ ತಿಂಗಳ ಹಣ ನೋಡಿ ಇಎಂಐ ಮೇಲೆ ಕ್ಯಾಮೆರಾ ತೆಗೆದುಕೊಂಡವರು ಜನವರಿಯಲ್ಲಿ ಒದ್ದಾಡುವುದನ್ನು ಕಂಡಿದ್ದೇನೆ.

ಈಗ ಶಾರ್ಟ್ಸ್, ಅಂದರೆ ಪುಟ್ಟ ವಿಡಿಯೋಗಳು. ಹೊರಗಿನಿಂದ ಹಾಕುವ ಲೆಕ್ಕ ಪೂರ್ತಿ ಕೆಡುವುದು ಇಲ್ಲಿಯೇ. 2023ರ ಫೆಬ್ರುವರಿಯಿಂದ ಶಾರ್ಟ್ಸ್‌ಗೂ ಜಾಹೀರಾತಿನ ಪಾಲು ಕೊಡುತ್ತಿದ್ದಾರೆ. ಎಲ್ಲರ ಹಣ ಒಟ್ಟಿಗೆ ಸೇರಿಸಿ, ಸಂಗೀತದ ಹಕ್ಕಿನವರ ಪಾಲು ತೆಗೆದು, ವ್ಯೂಸ್ ಪ್ರಕಾರ ಹಂಚಿ, ನಮ್ಮ ಪಾಲಿನಲ್ಲಿ ಶೇ 45 ಕೊಡುತ್ತಾರೆ. ಸಾವಿರ ವ್ಯೂಸ್‌ಗೆ ಕೈಗೆ ಬರುವುದು ಚಿಲ್ಲರೆ. ಮೇಲೆ ಹೇಳಿದ 3 ಲಕ್ಷ ವ್ಯೂಸ್‌ನಲ್ಲಿ 2 ಲಕ್ಷ ಶಾರ್ಟ್ಸ್‌ನದ್ದೇ ಅಂದುಕೊಳ್ಳಿ. ಉದ್ದದ ವಿಡಿಯೋಗೆ ಆರ್‌ಪಿಎಂ 40 ರೂಪಾಯಿ, ಶಾರ್ಟ್ಸ್‌ಗೆ 2 ರೂಪಾಯಿ ಎಂದಿಟ್ಟುಕೊಂಡರೆ 4,000 ಮತ್ತು 400, ಒಟ್ಟು 4,400 ರೂಪಾಯಿ. ಸೋಷಿಯಲ್ ಬ್ಲೇಡ್‌ನ ಕೆಳಗಿನ ಅಂಕಿಗಿಂತಲೂ ಕಮ್ಮಿ. ಅದೇ 3 ಲಕ್ಷವೂ ಉದ್ದದ ವಿಡಿಯೋದಿಂದಲೇ ಬಂದಿದ್ದರೆ 12,000. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ 3 ಲಕ್ಷ.

ನಿಮ್ಮ ತಮ್ಮನಿಗೆ ಇಷ್ಟವಾದ ಚಾನೆಲ್ ಒಂದನ್ನು ಹಿಡಿದು ಅವನೇ ಅಂದಾಜು ಹಾಕಲಿ. ಇವತ್ತು ಚಾನೆಲ್‌ನ ಒಟ್ಟು ವ್ಯೂಸ್ ಬರೆದಿಟ್ಟುಕೊಳ್ಳಲಿ, ಅದು ಚಾನೆಲ್‌ನ ವಿವರದಲ್ಲೇ ಕಾಣುತ್ತದೆ. ತಿಂಗಳಾದ ಮೇಲೆ ಮತ್ತೆ ನೋಡಿ ಕಳೆಯಲಿ. ಹಳೆ ವಿಡಿಯೋಗಳಿಗೆ ಬಂದ ವ್ಯೂಸ್ ಕೂಡ ಇದರಲ್ಲಿ ಸಿಗುತ್ತದೆ, ಇದು ಮುಖ್ಯ. ನನ್ನ ಚಾನೆಲ್‌ನಲ್ಲಿ ಮಳೆಗಾಲ ಬಂತೆಂದರೆ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಹಳೆಯ ವಿಡಿಯೋವೇ ಹೊಸದಕ್ಕಿಂತ ಜಾಸ್ತಿ ಓಡುತ್ತದೆ. ಆಮೇಲೆ ಶಾರ್ಟ್ಸ್ ಪಾಲು ಬೇರೆ ಮಾಡಲಿ. ವಿಡಿಯೋಗಳು ಎಂಟು ನಿಮಿಷ ದಾಟಿವೆಯಾ ನೋಡಲಿ, ದಾಟಿದ್ದರೆ ಮಾತ್ರ ಮಧ್ಯೆ ಜಾಹೀರಾತು ಹಾಕಲು ಬಿಡುತ್ತಾರೆ. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಇದೆಯಾ ಕೇಳಲಿ. ಇದ್ದರೆ ಆ ವಿಡಿಯೋದ ಹಣ ಹಾಡಿನ ಹಕ್ಕಿರುವ ಆಡಿಯೋ ಕಂಪನಿಗೆ ಹೋಗುತ್ತಿರಬಹುದು. ಇಷ್ಟೆಲ್ಲ ಆದ ಮೇಲೂ ಒಂದೇ ಅಂಕಿ ಬರೆಯದೆ, 20 ರೂಪಾಯಿ ದರಕ್ಕೆ ಎಷ್ಟು, 60 ರೂಪಾಯಿ ದರಕ್ಕೆ ಎಷ್ಟು ಅಂತ ಎರಡು ಬರೆಯಲಿ. ಖರ್ಚಿನ ಯೋಜನೆ ಮಾತ್ರ 20ರ ಮೇಲೆ.

ಶುರುವಿನ ದಾರಿಯೂ ಗೊತ್ತಿರಲಿ. ಜಾಹೀರಾತಿನ ಪಾಲು ಸಿಗಲು 1,000 ಸಬ್‌ಸ್ಕ್ರೈಬರ್ಸ್ ಬೇಕು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್. ಗಳಿಕೆ 10 ಡಾಲರ್ ಮುಟ್ಟಿದಾಗ ಹಣ ಪಾವತಿಸುವ ಗೂಗಲ್‌ನ ಆ್ಯಡ್‌ಸೆನ್ಸ್‌ನವರು ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಪಿನ್ ಕಳಿಸುತ್ತಾರೆ. ಊರಿನ ವಿಳಾಸ ಕೊಟ್ಟಿದ್ದರೆ ಪೋಸ್ಟ್‌ಮ್ಯಾನ್‌ಗೆ ಮೊದಲೇ ಹೇಳಿಡಿ. ಸಣ್ಣ ಬಿಳಿ ಲಕೋಟೆ, ಮದುವೆ ಪತ್ರಿಕೆ, ಎಲ್‌ಐಸಿ ನೋಟಿಸ್ ಮಧ್ಯೆ ಕಳೆದುಹೋಗುತ್ತದೆ. 100 ಡಾಲರ್ ಆಗುವವರೆಗೆ ಹಣ ಖಾತೆಗೆ ಬರುವುದಿಲ್ಲ. ಸಣ್ಣ ಚಾನೆಲ್‌ಗೆ ಆ ನೂರು ತುಂಬಲು ಎಷ್ಟೋ ತಿಂಗಳು ಬೇಕಾಗಬಹುದು. ತುಂಬಿದ ಮೇಲೆ ಮುಂದಿನ ತಿಂಗಳು 21ರಿಂದ 26ನೇ ತಾರೀಖಿನ ಒಳಗೆ ಕಳಿಸುತ್ತಾರೆ. ಸ್ಟುಡಿಯೋ ಆ್ಯಪ್‌ನಲ್ಲಿ ದಿನಾ ಕಾಣುವುದು ಅಂದಾಜು ಆದಾಯ. ಕೊನೆಗೆ ಅದು ಸ್ವಲ್ಪ ಆಚೆ ಈಚೆ ಆಗುತ್ತದೆ. ಬ್ಯಾಂಕ್‌ನವರು ಡಾಲರ್ ಬದಲಿಸುವಾಗ ಇನ್ನೊಂದಿಷ್ಟು ಹೋಗುತ್ತದೆ.

ಇಷ್ಟು ಕಮ್ಮಿ ಇದ್ದರೆ ಚಾನೆಲ್‌ಗಳು ಹೇಗೆ ನಡೆಯುತ್ತವೆ? ಜಾಹೀರಾತಿನ ಆಚೆಗಿನ ದುಡ್ಡಿನಿಂದ. ಕಂಪನಿಗಳು ನೇರವಾಗಿ ಕೊಡುವ ಪ್ರಮೋಷನ್ ಹಣ, ಸದಸ್ಯತ್ವ, ಲೈವ್ ನೋಡುತ್ತಾ ವೀಕ್ಷಕರು ಸಂದೇಶದ ಜೊತೆ ಕಳಿಸುವ ಸೂಪರ್ ಚಾಟ್ ಹಣ, ತಮ್ಮದೇ ವ್ಯಾಪಾರ. ಸದಸ್ಯತ್ವದಲ್ಲಿ ನಮಗೆ ಶೇ 70 ಸಿಗುತ್ತದೆ, ಆದರೆ ನಮ್ಮಲ್ಲಿ ತಿಂಗಳು ತಿಂಗಳು ಕಟ್ಟುವವರು ಇನ್ನೂ ಕಮ್ಮಿ. ಸ್ವಂತ ವ್ಯಾಪಾರ ಗಟ್ಟಿಯಾದದ್ದು. ಡಾ. ಬ್ರೋ ಪ್ರವಾಸದ ವಿಡಿಯೋಗಳಿಂದ ಹೆಸರಾದ ಮೇಲೆ ಗೋ ಪ್ರವಾಸ ಎಂಬ ಪ್ರವಾಸ ಸಂಸ್ಥೆ ಶುರು ಮಾಡಿದರು. ಸಣ್ಣ ಮಟ್ಟದಲ್ಲಿ ಸಸಿ, ಉಪ್ಪಿನಕಾಯಿ, ಜೋನಿ ಬೆಲ್ಲ ಮಾರಿ ಚಾನೆಲ್ ನಡೆಸುವವರು ನಮ್ಮ ಮಲೆನಾಡಿನಲ್ಲೇ ಇದ್ದಾರೆ.

ಪ್ರಮೋಷನ್ ಬಗ್ಗೆ ಎರಡು ಮಾತು. ಬುದ್ಧಿವಂತ ಕಂಪನಿಗಳು ಸಬ್‌ಸ್ಕ್ರೈಬರ್ಸ್ ಕೇಳುವುದಿಲ್ಲ. ಇತ್ತೀಚಿನ ವಿಡಿಯೋಗಳ ಸರಾಸರಿ ವ್ಯೂಸ್ ಕೇಳುತ್ತವೆ. ಅರ್ಧ ಹಣ ಮುಂಗಡ ತೆಗೆದುಕೊಳ್ಳದೆ ಶೂಟ್ ಮಾಡಬಾರದು. ದುಡ್ಡು ತೆಗೆದುಕೊಂಡಿದ್ದೇವೆ ಅಂತ ವಿಡಿಯೋದಲ್ಲೇ ಹೇಳಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ, ಮರುಕಳಿಸಿದರೆ 50 ಲಕ್ಷ. ಕಂಪನಿ ವಸ್ತುವನ್ನೇ ಉಡುಗೊರೆ ಕೊಟ್ಟರೆ, ವರ್ಷಕ್ಕೆ 20,000 ರೂಪಾಯಿ ದಾಟಿದಾಗ ಅದಕ್ಕೂ ಶೇ 10 ಟಿಡಿಎಸ್ ಇದೆ. ಬೆಟ್ಟಿಂಗ್ ಆ್ಯಪ್‌ನವರು ಬಂದರೆ ಫೋನ್ ಇಟ್ಟುಬಿಡಲಿ. ಚಾನೆಲ್ ಚಿಕ್ಕದಿರುವಾಗಲೇ ಅವರು ಕರೆಯುತ್ತಾರೆ, ಬೇರೆಯವರಿಗಿಂತ ಜಾಸ್ತಿ ಕೊಡುತ್ತೇವೆ ಅನ್ನುತ್ತಾರೆ. ನಮ್ಮನ್ನು ನಂಬಿ ನೋಡುವ ಹುಡುಗರು ತೋಟದ ಕೂಲಿ ಹಣ ಅದಕ್ಕೆ ಸುರಿಯುತ್ತಾರೆ. 2025ರ ಆಗಸ್ಟ್‌ನಲ್ಲಿ ಬಂದ ಕಾನೂನಿನ ಪ್ರಕಾರ ಹಣ ಕಟ್ಟಿ ಆಡುವ ಆಟಗಳ ಜಾಹೀರಾತು ಮಾಡಿದವರಿಗೂ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ.

ಈಗ ನಿಮ್ಮ ತಮ್ಮನ ವಿಷಯ. ಚಾನೆಲ್ ಮಾಡಬೇಡ ಅಂತ ದಯವಿಟ್ಟು ಹೇಳಬೇಡಿ. ಕನ್ನಡದಲ್ಲಿ ಇನ್ನೂ ಯಾರೂ ಸರಿಯಾಗಿ ಮುಟ್ಟದ ವಿಷಯಗಳು ಬೇಕಾದಷ್ಟಿವೆ, ನೋಡಲು ಜನ ಕಾಯುತ್ತಿದ್ದಾರೆ. ಆದರೆ ಕೆಲಸದಲ್ಲಿದ್ದುಕೊಂಡೇ ಶುರು ಮಾಡಲಿ. ದುಡ್ಡು ಬರಲು ಶುರುವಾದ ಮೇಲೆ ಒಂದು ದೀಪಾವಳಿ, ಅದರ ಹಿಂದೆಯೇ ಬರುವ ಜನವರಿ, ಎರಡನ್ನೂ ನೋಡಲಿ. ಆ ಜನವರಿಯ ಹಣದಲ್ಲಿ ಎಡಿಟಿಂಗ್, ಓಡಾಟ, ಇಂಟರ್ನೆಟ್ ಖರ್ಚು ಕಳೆದು ಮನೆ ಬಾಡಿಗೆ ಕಟ್ಟಲು ಆಗುತ್ತದಾ ಅಂತ ಲೆಕ್ಕ ಹಾಕಿ, ಆಮೇಲೆ ರಾಜೀನಾಮೆ ಬರೆಯಲಿ. ಯಾವ ವಿಷಯದ ಚಾನೆಲ್ ಅಂತ ನೀವು ಹೇಳಿಲ್ಲ. ತಿಳಿಸಿದರೆ 20ರ ಲೆಕ್ಕ, 60ರ ಲೆಕ್ಕ ಎರಡನ್ನೂ ನಾನೇ ಹಾಕಿ ಕೊಡುತ್ತೇನೆ.