ಈ ಪುಟ ಹೀಗೇ ಇರುತ್ತದೆ

“ಕಳೆದ ಸಂಚಿಕೆಯಲ್ಲಿ 12345654321ರ ಅಪವರ್ತನಗಳನ್ನು ಕೈಲೆಕ್ಕದಲ್ಲೇ ಕಂಡುಹಿಡಿದು ಕಳಿಸಿ ಎಂದಿದ್ದೀರಿ. ಮೊಬೈಲು ಒಂದು ಕ್ಷಣದಲ್ಲಿ ಹೇಳುತ್ತದೆ. ಈ ಪುಟವನ್ನು ಉಪಯೋಗಕ್ಕೆ ಬರುವ ವಿಷಯಕ್ಕೆ ಕೊಡಬಾರದೇ?”
ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಮೊಬೈಲು ಹೇಳುತ್ತದೆ, ಒಪ್ಪಿದೆ. ನೂರಾರು ಅಂಕಿಗಳ ಸಂಖ್ಯೆಯ ಮುಂದೆ ಕೈಲೆಕ್ಕ ನಡೆಯುವುದೂ ಇಲ್ಲ. ಆದರೆ ಸ್ವಾಮಿ, ನೀವು ಉತ್ತರ ನೋಡಿದಿರೇ ಹೊರತು ಸಂಖ್ಯೆಯನ್ನು ನೋಡಲಿಲ್ಲ.

ಮೊನ್ನೆ ಭಾನುವಾರ ಒಂದು ಮದುವೆ ಕರೆಯೋಲೆಯ ಹಿಂಬದಿಯಲ್ಲಿ ನಾನೂ ಲೆಕ್ಕ ಹಾಕಿದೆ. ಅಂಕಿಗಳನ್ನು ಕೂಡಿದರೆ 36, ಅಂದಮೇಲೆ 9ರಿಂದ ಭಾಗ ಹೋಗಲೇಬೇಕು. ಹೋಯಿತು: 1371739369. ಅದನ್ನು 7ರಿಂದ ಭಾಗಿಸಿದರೆ 195962767. ಮತ್ತೊಮ್ಮೆ 7ರಿಂದ, ಆಗಲೂ ಶೇಷವಿಲ್ಲ: 27994681. ಅಲ್ಲಿ ಪೆನ್ಸಿಲು ನಿಂತುಬಿಟ್ಟಿತು. ಇದನ್ನು ನಾನು ಮೊದಲೇ ಕಂಡಿದ್ದೆ! ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಗಣಿತಜ್ಞ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ 27994681ನ್ನು 441ರಿಂದ ಗುಣಿಸಿ ಎನ್ನುತ್ತಾರೆ. ಬರುವುದು ನಮ್ಮದೇ ಸಂಖ್ಯೆ, ಒಂದರಿಂದ ಆರರವರೆಗೆ ಹತ್ತಿ ಮತ್ತೆ ಒಂದಕ್ಕೆ ಇಳಿಯುವುದು. 152207ನ್ನು 73ರಿಂದ ಗುಣಿಸಿದರೆ ಸಾಲಾಗಿ ಎಂಟು ಒಂದುಗಳು. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. ಲೆಕ್ಕದ ಪುಸ್ತಕದಲ್ಲಿ ಒಡವೆಯ ಮಾತು!

441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 5291 ಒಡೆದರೆ 11, 13, 37. ಕೊನೆಗೆ ಇಡೀ ಸಂಖ್ಯೆ 111111ರ ವರ್ಗ. 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಜೋಡಿಜೋಡಿಯಾಗಿ ಕೂತಿವೆ. ಒಂದೊಂದನ್ನೂ ಬಿಡಬಹುದು, ಒಮ್ಮೆ ಇಲ್ಲವೇ ಎರಡು ಸಲ ತೆಗೆದುಕೊಳ್ಳಬಹುದು, ಹಾಗಾಗಿ ಭಾಜಕಗಳು ಮೂರರ ಐದನೇ ಘಾತ, 243. ನಿಮ್ಮ ಮೊಬೈಲು ಇಷ್ಟನ್ನೂ ತೋರಿಸಿತ್ತು, ನೀವು ನಿಂತು ನೋಡಲಿಲ್ಲ ಅಷ್ಟೆ.

1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗಣಿತ ಸಭೆಯಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್ ಎಂಬ ಅಮೆರಿಕದ ಗಣಿತಜ್ಞ ಕರಿಹಲಗೆಯ ಮೇಲೆ 147573952589676412927 ಎಂದು ಬರೆದ. ಎರಡರ 67ನೇ ಘಾತದಿಂದ ಒಂದು ಕಳೆದದ್ದು. ಪಕ್ಕದಲ್ಲಿ 193707721ನ್ನು 761838257287ರಿಂದ ಗುಣಿಸಿ ಅದೇ ಸಂಖ್ಯೆ ತಂದು, ಒಂದು ಮಾತೂ ಆಡದೆ ಹೋಗಿ ಕೂತನಂತೆ. ಆ ಎರಡು ಅಪವರ್ತನಗಳನ್ನು ಹುಡುಕಲು ಎಷ್ಟು ಕಾಲ ಹಿಡಿಯಿತೆಂದು ಕೇಳಿದವರಿಗೆ, ಮೂರು ವರ್ಷದ ಭಾನುವಾರಗಳು ಎಂದನಂತೆ. ಆ ಭಾನುವಾರಗಳು ದಂಡವಾದವೆಂದು ನಿಮಗನಿಸುತ್ತದೆಯೇ?

ನಮ್ಮಪ್ಪ ಚಿಕ್ಕಪೇಟೆಯ ಬಟ್ಟೆ ಮಳಿಗೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಅವರ ನಾಲಿಗೆಯ ತುದಿಯಲ್ಲಿತ್ತು. ಹತ್ತನೇ ತರಗತಿಯ ನನ್ನ ತಂಗಿಯ ಮಗನಿಗೆ ಭಾಗಾಕಾರ ಕೊಟ್ಟರೆ, “ಸ್ಟೆಪ್ಸ್ ಬರೀತಾ ಕೂತ್ರೆ ಟೈಮ್ ವೇಸ್ಟ್ ಅಂತಾರೆ ಟ್ಯೂಷನ್ನಲ್ಲಿ, ಮಾವ” ಎಂದ. ವರ್ಷಕ್ಕೆ ಅಷ್ಟೊಂದು ದುಡ್ಡು ಸುರಿದು ನಮ್ಮ ಮಕ್ಕಳಿಗೆ ನಾವು ಕೊಡಿಸುತ್ತಿರುವುದು ಈ ಅವಸರವನ್ನು. ಊರ ತುಂಬ ಸಾಫ್ಟ್‌ವೇರ್ ಕಂಪನಿಗಳಿವೆ. ಕನ್ನಡದಲ್ಲಿ ಗಣಿತ ಬರೆದರೆ ಮಾತ್ರ ಪುಟ ವ್ಯರ್ಥ ಎಂದು ಕಾಗದ ಬರುತ್ತದೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಆದರೂ ನೀವು ಕೂತು ಕಾಗದ ಬರೆದವರು, ಲೆಕ್ಕಕ್ಕೂ ಕೂರಬಲ್ಲಿರಿ. ಮುಂದಿನ ಸಂಚಿಕೆಗೆ ಸಂಖ್ಯೆ 12345678987654321. ಇದರ ವರ್ಗಮೂಲ ಒಂಬತ್ತು ಒಂದುಗಳು. ಅದನ್ನು ಆಚಾರ್ಯರು 12345679 ಮತ್ತು 9 ಎಂದು ಒಡೆದುಕೊಟ್ಟಿದ್ದಾರೆ. 12345679 ಇನ್ನೂ ಒಡೆಯುತ್ತದೆ. 37ರಿಂದ ಶುರುಮಾಡಿ.