ಆದಾಯ ತೆರಿಗೆ ಇಲಾಖೆಯಿಂದ ಸೆಕ್ಷನ್ 143(1) ನೋಟಿಸ್ ಬಂದು ಬಾಕಿ ತೋರಿಸ್ತಿದೆ, ಕಟ್ಟಲೇಬೇಕಾ?

ಗಾಬರಿ ಬೇಡ, ತಕ್ಷಣ ದುಡ್ಡು ಕಟ್ಟಲೂ ಬೇಡಿ. ನೀವು ಸಲ್ಲಿಸಿದ ರಿಟರ್ನ್ಸ್‌ನ ಲೆಕ್ಕವನ್ನು ಬೆಂಗಳೂರಿನ ಸಿಪಿಸಿ (ರಿಟರ್ನ್ಸ್ ಪರಿಶೀಲಿಸುವ ಇಲಾಖೆಯ ಕೇಂದ್ರ) ತಾಳೆ ನೋಡಿ ಎಲ್ಲರಿಗೂ ಕಳಿಸುವ ಪತ್ರ ಅದು. ಒಳಗೆ ಅಕ್ಕಪಕ್ಕ ಎರಡು ಕಾಲಂ ಇರುತ್ತವೆ: ಒಂದು ನಿಮ್ಮ ಲೆಕ್ಕ, ಇನ್ನೊಂದು ಇಲಾಖೆಯದು. ಅಂಕಿ ಎಲ್ಲಿ ಬೇರೆಯಾಗಿದೆ ಅಂತ ಸಾಲು ಸಾಲಾಗಿ ನೋಡಿ.

ಮೈಸೂರಲ್ಲಿ ನಮ್ಮ ಅತ್ತೆಗೂ ಹೀಗೇ ಬಾಕಿ ಬಂದಿತ್ತು, ಪಾಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಕೊನೆಗೆ ನೋಡಿದರೆ ಅವರಿಂದ ಹಿಡಿದ ಟಿಡಿಎಸ್ (ದುಡ್ಡು ಕೊಡುವವರು ಮೊದಲೇ ಹಿಡಿದುಕೊಳ್ಳುವ ತೆರಿಗೆ) ಫಾರಂ 26ಎಎಸ್‌ನಲ್ಲಿ, ಅಂದರೆ ಅವರ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿಯಲ್ಲಿ, ಇರಲೇ ಇಲ್ಲ. ಹಿಡಿದವರಿಂದ ಅದನ್ನು ಸರಿಮಾಡಿಸಿ, ಇಲಾಖೆಯ ಪೋರ್ಟಲ್‌ನಲ್ಲಿ ತಿದ್ದುಪಡಿ ಅರ್ಜಿ ಹಾಕಿದೆವು.

ಬಾಕಿ ನಿಜವಾಗಿದ್ದರೆ ಮಾತ್ರ 30 ದಿನದೊಳಗೆ ಕಟ್ಟಿ, ತಡವಾದರೆ ತಿಂಗಳಿಗೆ 1% ಬಡ್ಡಿ ಬೀಳುತ್ತೆ. ಜಾಸ್ತಿ ಕಟ್ಟಿದ್ದರೆ ರೀಫಂಡ್ ನಿಮ್ಮ ಖಾತೆಗೇ ಬರುತ್ತೆ, ಅದಕ್ಕಾಗಿ ಅಂತ ಬರುವ ಯಾವ ಮೆಸೇಜಿನ ಲಿಂಕನ್ನೂ ಒತ್ತಬೇಡಿ.